ಮುಟ್ಟದೆ ದಾಟಿಸುವುದು: ಕಂಪ್ಯೂಟರಿನ ಡಿಜಿಟಲ್ ಧ್ವನಿ ಔಟ್‌ಪುಟ್ ಕುರಿತು

ಧಾರವಾಡದಲ್ಲಿ, ಹಳೆಯ ಧ್ವನಿಮುದ್ರಿಕೆಗಳನ್ನು ಒಟ್ಟಿಗೆ ಕೂತು ಕೇಳುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.

ಸ್ನೇಹಿತರೇ, ಮೊದಲು ಒಂದು ಸಂಜೆಯ ವಿಷಯ ಹೇಳುತ್ತೇನೆ. ಪರಿಚಿತರೊಬ್ಬರ ಮನೆಯಲ್ಲಿ ಡ್ಯಾಟ್ ಕ್ಯಾಸೆಟ್‌ಗಳಲ್ಲಿದ್ದ ಕೆಲವು ಕಛೇರಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೆವು. ಡ್ಯಾಟ್ ಅಂದರೆ 1987ರಲ್ಲಿ ಬಂದ ಪುಟ್ಟ ಡಿಜಿಟಲ್ ಟೇಪು. ಕೆಲಸ ಮುಗಿಯಿತು, ಚಹಾ ಬಂತು. ಯಾರೋ ಗಂಗೂಬಾಯಿ ಹಾನಗಲ್ ಅವರದೊಂದು ಹಾಡು ಹಾಕಿ ಎಂದರು. ಸಿಡಿಯಿಂದ ತೆಗೆದಿಟ್ಟಿದ್ದ ಕಡತ ಅದೇ ಕಂಪ್ಯೂಟರಿನಲ್ಲಿತ್ತು, ಹಾಕಿದೆವು. ಕೋಣೆಯಲ್ಲಿ ಹಿರಿಯ ತಬಲಾ ವಾದಕರೊಬ್ಬರಿದ್ದರು. ಆ ಹಾಡಿನ ಷಡ್ಜಕ್ಕೆ ಹಿಂದಿನ ದಿನವಷ್ಟೇ ತಬಲಾ ಕೂಡಿಸಿದ್ದರು. ಈಗ ಕೂಡಲಿಲ್ಲ. ಸುತ್ತಿಗೆ ತೆಗೆದುಕೊಂಡು ಮರದ ಗಟ್ಟಾಗಳನ್ನು ಒಂದೊಂದಾಗಿ ಬಡಿದು ಶ್ರುತಿ ಏರಿಸತೊಡಗಿದರು. ಹಾರ್ಮೋನಿಯಂ ತರಿಸಿ ಹಾಡಿಗೆ ಹೊಂದುವ ಮನೆ, ಅಂದರೆ ಕೀಲಿ, ಹುಡುಕಿದರು. ಯಾವ ಮನೆಯೂ ಒಪ್ಪಲಿಲ್ಲ. ಕೊನೆಗೆ ಸುತ್ತಿಗೆ ಕೆಳಗಿಟ್ಟು, ‘ತಬಲಾ ಸರಿಯಾಗಿದೆ, ಹಾಡೇ ಏರಿದೆ’ ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಡ್ಯಾಟ್ ಯಂತ್ರದಿಂದ ಧ್ವನಿ ತೆಗೆದುಕೊಳ್ಳುವಾಗ ಸೌಂಡ್ ಕಾರ್ಡಿನ ಗಡಿಯಾರವನ್ನು ‘ಎಕ್ಸ್‌ಟರ್ನಲ್’ಗೆ ತಿರುಗಿಸಿದ್ದೆವು. ಹೊರಗಿನ ಯಂತ್ರದ ತಾಳಕ್ಕೆ ಕಾರ್ಡು ಹೆಜ್ಜೆ ಹಾಕಲಿ ಎಂದು ಹಾಗೆ ಮಾಡಲೇಬೇಕು. ಕೆಲಸ ಮುಗಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವುದು ಮರೆತಿತ್ತು. ಡ್ಯಾಟ್ ಯಂತ್ರವೂ ಆರಿರಲಿಲ್ಲ. ಡಿಜಿಟಲ್ ಧ್ವನಿ ಎಂದರೆ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಟ್ಟ ಅಂಕೆಗಳು. ಒಂದೊಂದು ಅಳತೆಯೂ ಒಂದು ‘ಮಾದರಿ’, ಸೆಕೆಂಡಿಗೆ ಎಷ್ಟು ಮಾದರಿ ಎಂಬುದು ಅದರ ‘ದರ’. ಆ ಯಂತ್ರ ಸೆಕೆಂಡಿಗೆ 48,000 ಮಾದರಿಯ ಲೆಕ್ಕದಲ್ಲಿ ತಾಳ ಹಾಕುತ್ತಿತ್ತು. ಸಿಡಿಯ ಹಾಡಿಗೆ ಬೇಕಾದದ್ದು ಸೆಕೆಂಡಿಗೆ 44,100. ಕಾರ್ಡು ಅದೇ ಅಂಕೆಗಳನ್ನು ಬೇಗಬೇಗ ಹೊರಗೆ ತಳ್ಳುತ್ತಿತ್ತು. ಒಂದು ಗಂಟೆಯ ಕಛೇರಿ ಹೀಗೆ ಓಡಿದರೆ 55 ನಿಮಿಷ ಏಳೂವರೆ ಸೆಕೆಂಡಿಗೆ ಮುಗಿದುಹೋಗುತ್ತದೆ. ಶ್ರುತಿ ಹೆಚ್ಚುಕಡಿಮೆ ಒಂದೂವರೆ ಮನೆ ಏರುತ್ತದೆ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯಲ್ಲಿ, ಅಂದರೆ ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡು ಮತ್ತು ಕಪ್ಪು ಎರಡರ ನಡುವೆ, ಹಾರ್ಮೋನಿಯಂನಲ್ಲಿ ಇಲ್ಲದ ಜಾಗದಲ್ಲಿ ನಿಲ್ಲುತ್ತಾರೆ. ಮನೆ ಸಿಗದಿದ್ದದ್ದು ಅದಕ್ಕೇ.

ಗಂಗೂಬಾಯಿ ಅವರ ದನಿಯ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಿ, ಗಡಸಾಗಿ, ಗಂಭೀರವಾದ ದನಿ ಅದು. ಕೇಳುಗರು ಅವರನ್ನು ಗುರುತಿಸುವುದೇ ಆ ತಗ್ಗಿನಿಂದ. ಅದನ್ನು ಒಂದೂವರೆ ಮನೆ ಮೇಲಕ್ಕೆತ್ತಿದರೆ ನಾವು ಕೇಳುತ್ತಿರುವುದು ಅವರನ್ನಲ್ಲ, ಬೇರೆ ಯಾರನ್ನೋ. ಕೋಣೆಯಲ್ಲಿ ಹತ್ತು ಜನ ಇದ್ದೆವು. ತಬಲಾ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಇವತ್ತಿನ ಮಾತು ಹುಟ್ಟಿದ್ದೇ ಅಲ್ಲಿಂದ.

ನಾನು ಹೇಳಬೇಕಾದದ್ದು ಇಷ್ಟೇ. ಡಿಜಿಟಲ್ ಔಟ್‌ಪುಟ್ ಎಂಬುದು ಅಂಚೆಯವನ ಕೆಲಸ. ಕಡತದಲ್ಲಿರುವ ಅಂಕೆಗಳನ್ನು ಲಕೋಟೆ ಒಡೆಯದೆ ಆಂಪ್ಲಿಫೈಯರಿಗೋ ಹೊರಗಿನ ಡ್ಯಾಕ್‌ಗೋ ತಲುಪಿಸಬೇಕು. ಅಂಕೆಗಳನ್ನು ಧ್ವನಿಯಾಗಿ ಬಿಡಿಸುವ ಕೆಲಸ ಅಲ್ಲಿ ಆಗುತ್ತದೆ. ನಡುವೆ ಕಂಪ್ಯೂಟರಿನಲ್ಲಿ ಲಕೋಟೆ ಒಡೆಯುವ ಕೈಗಳು ಮೂರು ನಾಲ್ಕಿವೆ. ಆ ಕೈಗಳನ್ನು ಒಂದೊಂದಾಗಿ ಹಿಂದೆ ಸರಿಸುವುದೇ ಸೆಟ್ಟಿಂಗ್.

ತಂತಿಯಿಂದ ಶುರು ಮಾಡೋಣ. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣಬಣ್ಣದ ತೂತುಗಳ ಪಕ್ಕ ಒಂದು ಚೌಕನೆಯ ಕಿಂಡಿ ಇರುವುದುಂಟು. ಅದಕ್ಕೆ ಸಣ್ಣ ಬಾಗಿಲಿರುತ್ತದೆ, ಬಾಗಿಲು ತಳ್ಳಿದರೆ ಒಳಗೆ ಕೆಂಪು ಬೆಳಕು. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್‌ಪಿಡಿಐಎಫ್ ಎಂಬ ಪದ್ಧತಿಯ ಬೆಳಕಿನ ದಾರಿ ಇದು. ಈ ಕನೆಕ್ಟರನ್ನು 1983ರಲ್ಲಿ ತೋಶಿಬಾ ತಂದಿತು, ಹಾಗಾಗಿ ಟಾಸ್‌ಲಿಂಕ್ ಎಂಬ ಹೆಸರು. ಒಳಗಿರುವುದು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ. ಅದನ್ನು ತೀರ ಮಡಿಸಬಾರದು. ಐದು ಮೀಟರಿನೊಳಗೆ ಇಟ್ಟುಕೊಂಡರೆ ನೆಮ್ಮದಿ. ಹೊಸ ತಂತಿಯ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತೆಗೆಯದೆ ತುರುಕಿ, ಕಿಂಡಿ ಹಾಳಾಗಿದೆ ಎಂದುಕೊಂಡವರನ್ನು ನಾನು ಬಲ್ಲೆ.

ಇನ್ನೊಂದು ದಾರಿ ತಾಮ್ರದ್ದು, ದುಂಡನೆಯ ಒಂದೇ ಆರ್‌ಸಿಎ ಕಿಂಡಿ, ಸಾಮಾನ್ಯವಾಗಿ ಕಿತ್ತಳೆ ಬಣ್ಣ. ಇದಕ್ಕೆ 75 ಓಮ್ ತಂತಿ ಬೇಕು. ಹಳೆಯ ವಿಸಿಡಿ ಪ್ಲೇಯರಿನ ಹಳದಿ ವಿಡಿಯೊ ತಂತಿ ಮನೆಯಲ್ಲಿದ್ದರೆ ಅದೇ 75 ಓಮ್‌ನದು, ಅದನ್ನೇ ಹಾಕಿ, ಹೊಸದನ್ನು ಕೊಳ್ಳಬೇಡಿ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಒಬ್ಬರು ಕೇಳಿದರು. ಒಯ್ಯುವ ಅಂಕೆಗಳು ಒಂದೇ. ಆದರೆ ತಾಮ್ರ ಕಂಪ್ಯೂಟರಿನ ಭೂಮಿಯನ್ನೂ (ವಿದ್ಯುತ್ತಿನ ಅರ್ಥಿಂಗ್) ಆಂಪ್ಲಿಫೈಯರಿನ ಭೂಮಿಯನ್ನೂ ಜೋಡಿಸಿಬಿಡುತ್ತದೆ. ಸ್ಪೀಕರಿನಲ್ಲಿ ಗುಂಯ್ ಎನ್ನುವ ವಿದ್ಯುತ್ತಿನ ಸದ್ದು ಬರುತ್ತಿದ್ದರೆ ಬೆಳಕಿನ ದಾರಿಗೆ ಬದಲಾಯಿಸಿ, ಪ್ಲಾಸ್ಟಿಕ್ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ.

ಈ ಎಳೆಯಲ್ಲಿ ಏನು ಹರಿಯುತ್ತದೆ ಎಂಬುದು ನನಗೆ ಬಹಳ ಪ್ರಿಯವಾದ ವಿಷಯ, ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ. ಎಡಕ್ಕೊಂದು ಮಾದರಿ, ಬಲಕ್ಕೊಂದು ಮಾದರಿ, ಎರಡೂ ಸೇರಿ 64 ಬಿಟ್‌ಗಳ, ಅಂದರೆ 64 ಸೊನ್ನೆ-ಒಂದುಗಳ, ಒಂದು ಕಂತೆ. ಸಿಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಕಂತೆ, ಅಂದರೆ 28,22,400 ಬಿಟ್. ಧ್ವನಿಯ ಜೊತೆಗೆ ಪ್ರತಿ ಕಂತೆಯಲ್ಲೂ ಒಂದಿಷ್ಟು ಗುರುತಿನ ಬಿಟ್‌ಗಳಿರುತ್ತವೆ. 192 ಕಂತೆಗಳ ಗುರುತುಗಳನ್ನು ಕೂಡಿಸಿ ಓದಿದರೆ ಒಂದು ವಿಳಾಸಪಟ್ಟಿ ಸಿಗುತ್ತದೆ: ಇದು ಯಾವ ದರದ ಧ್ವನಿ, ನಕಲು ಮಾಡಬಹುದೇ ಕೂಡದೇ, ಇದು ನೇರ ಧ್ವನಿಯೋ ಅಥವಾ ಒತ್ತಿ ಕಟ್ಟಿದ, ಬಿಡಿಸಬೇಕಾದ ಗಂಟೋ. ಗಡಿಯಾರಕ್ಕೆಂದು ಬೇರೆ ತಂತಿ ಇಲ್ಲ. ಬೆಳಕು ಮಿನುಗುವ ಲಯದಿಂದಲೇ ಆಚೆಯ ಯಂತ್ರ ತಾಳವನ್ನು ಹೆಕ್ಕಿಕೊಳ್ಳುತ್ತದೆ. ಕಳಿಸುವವನು ತಾಳ ಹಾಕುತ್ತಾನೆ, ಪಡೆಯುವವನು ಅದನ್ನು ಹಿಡಿಯುತ್ತಾನೆ. ಕೇಳುವುದಕ್ಕೆಂದು ಕೂತಾಗ ನಿಮ್ಮ ಕಾರ್ಡು ಕಳಿಸುವ ಜಾಗದಲ್ಲಿದೆ. ಅದರ ಗಡಿಯಾರ ‘ಇಂಟರ್ನಲ್’ನಲ್ಲಿರಬೇಕು. ನಮ್ಮ ಆ ಸಂಜೆ ಕೆಟ್ಟದ್ದು ಇಲ್ಲಿಯೇ. ಮದರ್‌ಬೋರ್ಡಿನೊಳಗಿನ ಸಾಧಾರಣ ಧ್ವನಿ ಚಿಪ್‌ಗಳಲ್ಲಿ ಈ ಆಯ್ಕೆ ಕಣ್ಣಿಗೆ ಬೀಳುವುದಿಲ್ಲ. ಡಿಜಿಟಲ್ ಇನ್‌ಪುಟ್ ಇರುವ ಕಾರ್ಡುಗಳಲ್ಲಿ ಇರುತ್ತದೆ, ಪ್ರತಿ ಸಲ ನೋಡಿಕೊಳ್ಳಿ.

44,100 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಸಿಡಿ ಬರುವ ಮೊದಲು ಡಿಜಿಟಲ್ ಧ್ವನಿಯನ್ನು ತುಂಬಿಡಲು ವಿಡಿಯೊ ಟೇಪೇ ಗತಿಯಾಗಿತ್ತು. ಟಿವಿ ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಮಾದರಿ ಬರೆಯುತ್ತಿದ್ದರು. ಅಮೆರಿಕ, ಜಪಾನಿನ ಟಿವಿಯಲ್ಲಿ ಸೆಕೆಂಡಿಗೆ 60 ಸಲ, ಸಲಕ್ಕೆ 245 ಗೆರೆ. ಯುರೋಪಿನಲ್ಲಿ ಸೆಕೆಂಡಿಗೆ 50 ಸಲ, ಸಲಕ್ಕೆ 294 ಗೆರೆ. ಗುಣಿಸಿ ನೋಡಿ, ಎರಡೂ ಕಡೆ 44,100 ಬರುತ್ತದೆ. 1982ರಲ್ಲಿ ಅಂಗಡಿಗೆ ಬಂದ ಸಿಡಿ ಅದನ್ನೇ ಉಳಿಸಿಕೊಂಡಿತು. ಸಿನಿಮಾ, ಟಿವಿ, ಡಿವಿಡಿ ಮಂದಿ 48,000 ಹಿಡಿದರು, ಅದು 24, 25, 30 ಚಿತ್ರಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಅಂದಿನಿಂದ ಸಂಗೀತದ್ದು ಒಂದು ಊರು, ಚಿತ್ರದ್ದು ಇನ್ನೊಂದು ಊರು. ಕಂಪ್ಯೂಟರು ನಿಂತಿರುವುದು ಎರಡರ ಗಡಿಯಲ್ಲಿ.

ಗಡಿಯಲ್ಲಿ ನಿಂತ ಕಂಪ್ಯೂಟರು ಸಾಮಾನ್ಯವಾಗಿ ಚಿತ್ರದ ಊರಿಗೆ ಸೇರಿಬಿಟ್ಟಿತು. ಕಂಪ್ಯೂಟರಿನ ಧ್ವನಿ ಚಿಪ್‌ಗಳಿಗೆಂದು ಬಂದ 1997ರ ಎಸಿ97 ಮಾನದಂಡದ ಮೂಲ ದರವೇ 48,000. 1998ರಲ್ಲಿ ಬಂದು ಮನೆಮಾತಾದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು ಏನೇ ಕೊಟ್ಟರೂ ಒಳಗೆ 48,000ಕ್ಕೆ ಪರಿವರ್ತಿಸುತ್ತಿತ್ತು. 2004ರ ಇಂಟೆಲ್ ಹೈ ಡೆಫಿನಿಷನ್ ಆಡಿಯೊ ಬಂದ ಮೇಲೆ ಯಂತ್ರಾಂಶಕ್ಕೆ ಆ ಹಟ ಇಲ್ಲ, ಆದರೆ ತಂತ್ರಾಂಶದ ಅಭ್ಯಾಸ ಉಳಿಯಿತು. ಈ ಪರಿವರ್ತನೆಯಲ್ಲಿ ಶ್ರುತಿ ಏರುವುದಿಲ್ಲ. 147 ಮಾದರಿ ಇದ್ದಲ್ಲಿ ಲೆಕ್ಕ ಹಾಕಿ 160 ಹೊಸ ಮಾದರಿ ಹೆಣೆಯುತ್ತಾರೆ. ಇಂದಿನ ಒಳ್ಳೆಯ ಪರಿವರ್ತಕಗಳು ಇದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತವೆಂದರೆ ಬಹುಪಾಲು ಕಿವಿಗಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಆದರೂ ನಾನು ಬಿಡುವುದಿಲ್ಲ. ಕಡತದಲ್ಲಿದ್ದ ಒಂದು ಮಾದರಿಯೂ ಉಳಿಯದೆ ಎಲ್ಲವೂ ಹೊಸದಾಗಿ ಹೆಣೆದದ್ದು ನಮಗೆ ತಲುಪುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಮುದ್ರಿಕೆಗೆ ಅದರ ಅಗತ್ಯವಿಲ್ಲ, ತಪ್ಪಿಸುವುದಕ್ಕೆ ಐದು ನಿಮಿಷ ಸಾಕು.

ವಿಂಡೋಸ್‌ನಲ್ಲಿ ಆ ಐದು ನಿಮಿಷ ಹೀಗೆ. ಸೆಟ್ಟಿಂಗ್ಸ್‌ನ ಸೌಂಡ್ ಪುಟದ ಕೆಳಗೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಎಂದಿರುತ್ತದೆ, ಅಲ್ಲಿ ಹಳೆಯ ಕಾಲದ ಪುಟ್ಟ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಸ್ಪೀಕರ್, ಡಿಜಿಟಲ್ ಔಟ್‌ಪುಟ್, ಎಚ್‌ಡಿಎಂಐ ಮಾನಿಟರು ಎಲ್ಲವೂ ಸಾಲಾಗಿ ಇರುತ್ತವೆ. ಡಿಜಿಟಲ್ ಔಟ್‌ಪುಟ್ ಆರಿಸಿ ‘ಸೆಟ್ ಡಿಫಾಲ್ಟ್’ ಒತ್ತಿ. ಎಲ್ಲಾ ಸರಿಯಿದ್ದೂ ಸದ್ದೇ ಇಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿ ಮಾನಿಟರು ಆಯ್ಕೆಯಾಗಿರುವುದರಿಂದ ಬಂದವು. ಬಳಿಕ ಪ್ರಾಪರ್ಟೀಸ್ ತೆರೆದು ‘ಅಡ್ವಾನ್ಸ್ಡ್’ಗೆ ಹೋಗಿ. ‘ಡಿಫಾಲ್ಟ್ ಫಾರ್ಮ್ಯಾಟ್’ ಎಂದಿರುವ ಪೆಟ್ಟಿಗೆಯೇ ನಮ್ಮ ಗಡಿಕಲ್ಲು. ಯಾವ ಕಾರ್ಯಕ್ರಮದ ಯಾವ ಸದ್ದೇ ಆಗಲಿ ಆ ದರಕ್ಕೆ ಪರಿವರ್ತನೆಯಾಗಿಯೇ ಹೊರಹೋಗುತ್ತದೆ. ಮನೆಯಲ್ಲಿ ಹೆಚ್ಚು ಸಿಡಿ ಸಂಗೀತ ಕೇಳುವವರು 24 ಬಿಟ್, 44,100 ಇಡಿ. ಹೆಚ್ಚು ಸಿನಿಮಾ ನೋಡುವವರು 24 ಬಿಟ್, 48,000.

ಆ ಪಟ್ಟಿಯಲ್ಲಿ 1,92,000 ಕೂಡ ಇರಬಹುದು. ದೊಡ್ಡ ಸಂಖ್ಯೆ ಎಂದು ಅದನ್ನು ಆರಿಸಬೇಡಿ. ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ. ಅಲ್ಲದೆ ಬೆಳಕಿನ ದಾರಿಯ ಎಷ್ಟೋ ಕಿಂಡಿಗಳು 96,000 ದಾಟಿದರೆ ತಡವರಿಸುತ್ತವೆ, ಧ್ವನಿ ಚಟಪಟ ಕಡಿಯುತ್ತದೆ. 24 ಬಿಟ್ ಮಾತ್ರ ಬೇರೆ. ಸಿಡಿಯ ಒಂದೊಂದು ಮಾದರಿ 16 ಬಿಟ್ಟಿನದು, ಅದರ ಹಿಂದೆ ಎಂಟು ಸೊನ್ನೆ ಸೇರುತ್ತವೆ ಅಷ್ಟೇ, ಅಂಕೆ ಕೆಡುವುದಿಲ್ಲ.

ಅದೇ ಪುಟದಲ್ಲಿ ‘ಎಕ್ಸ್‌ಕ್ಲೂಸಿವ್ ಮೋಡ್’ನ ಎರಡು ಗುರುತುಗಳಿವೆ. ಎರಡನ್ನೂ ಹಾಕಿಡಿ. ಫೂಬಾರ್ 2000ದಂತಹ ಪ್ಲೇಯರಿನಲ್ಲಿ ಔಟ್‌ಪುಟ್ ಆಗಿ ವಸಾಪಿ (ವಿಂಡೋಸ್‌ನ ಧ್ವನಿ ದಾರಿ) ಎಕ್ಸ್‌ಕ್ಲೂಸಿವ್ ಆರಿಸಿದರೆ, ಹಾಡು ನುಡಿಯುವಷ್ಟು ಹೊತ್ತು ಕಾರ್ಡು ಆ ಪ್ಲೇಯರಿನ ಸ್ವಾಧೀನದಲ್ಲಿರುತ್ತದೆ. ದರವನ್ನು ಕಡತವೇ ನಿರ್ಧರಿಸುತ್ತದೆ, ಡಿಫಾಲ್ಟ್ ಪೆಟ್ಟಿಗೆಯ ಮಾತು ನಡೆಯುವುದಿಲ್ಲ. ಬೇರೆ ಯಾವ ಕಾರ್ಯಕ್ರಮವೂ ಆಗ ಸದ್ದು ಮಾಡಲಾರದು. ವಿಲಂಬಿತ್ ಆಲಾಪದ ನಡುವೆ ಮೇಲ್ ಬಂದ ಟಿಂಗ್ ಕೇಳಿ ನೊಂದವರಿಗೆ ಇದೊಂದೇ ಕಾರಣ ಸಾಕು. ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಪುಟವಿದ್ದರೆ ಅಲ್ಲಿರುವ ಗುರುತುಗಳನ್ನೆಲ್ಲ ತೆಗೆದುಬಿಡಿ.

ಇನ್ನು ವಾಲ್ಯೂಮ್. ಡಿಜಿಟಲ್ ದಾರಿಯಲ್ಲಿ ಕಂಪ್ಯೂಟರಿನ ವಾಲ್ಯೂಮ್ ಇಳಿಸುವುದು ಎಂದರೆ ಪ್ರತಿ ಅಂಕೆಯನ್ನೂ ಭಾಗಿಸುವುದು. ಅಲೆಯ ಎತ್ತರ ಅರ್ಧಕ್ಕಿಳಿದರೆ ಒಂದು ಬಿಟ್ ಹೋಯಿತು, ಡೆಸಿಬೆಲ್ ಲೆಕ್ಕದಲ್ಲಿ ಆರು. 16 ಬಿಟ್ಟಿನ ದಾರಿಯಲ್ಲಿ ಹದಿನಾರನೇ ಒಂದು ಪಾಲಿಗೆ ಇಳಿಸಿದರೆ ಉಳಿದದ್ದು 12 ಬಿಟ್. ನಷ್ಟ ಮೊದಲು ಕಾಣುವುದು ಜೋರಾದ ತಾನಿನಲ್ಲಲ್ಲ, ಹಾಡು ಮುಗಿದ ಮೇಲೆ ತಂಬೂರಿ ಒಂಟಿಯಾಗಿ ಉಳಿದು ಕರಗುವಲ್ಲಿ. ಆ ಜವಾರಿಯ ಝೇಂಕಾರದಲ್ಲಿ ಒಂದರ ಮೇಲೊಂದು ಸೂಕ್ಷ್ಮ ಸ್ವರಗಳಿರುತ್ತವೆ. ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಅವು ಕೆಳಗಿನ ಬಿಟ್‌ಗಳಲ್ಲೇ ಬದುಕಿರುತ್ತವೆ. ಕಂಪ್ಯೂಟರಿನಲ್ಲಿ 100 ಇಟ್ಟು, ಆಂಪ್ಲಿಫೈಯರಿನ ಗುಂಡಿಯಲ್ಲಿ ಏರಿಸಿ ಇಳಿಸಿ. ಅದು ಆಗದ ಮನೆಯಲ್ಲಿ 24 ಬಿಟ್ ಇಟ್ಟುಕೊಂಡರೆ ಕೆಳಗೆ ಎಂಟು ಬಿಟ್ಟಿನ ಮೆತ್ತೆ ಸಿಗುತ್ತದೆ. ನಿತ್ಯದ ಏರಿಳಿತಕ್ಕೆ ಅದು ಧಾರಾಳ.

ಲಿನಕ್ಸ್ ಬಳಸುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ನಿಮ್ಮ ಮೊದಲ ಶತ್ರು ಆಲ್ಸಾಮಿಕ್ಸರ್ ಎಂಬ, ಧ್ವನಿಯ ಮಟ್ಟ ಹೊಂದಿಸುವ ಕಾರ್ಯಕ್ರಮದಲ್ಲಿರುವ ಎರಡು ಅಕ್ಷರ. ಟರ್ಮಿನಲ್ಲಿನಲ್ಲಿ ಅದನ್ನು ತೆರೆದು, ಕಾರ್ಡು ಆರಿಸಿ, ಬಲಕ್ಕೆ ಸರಿಯುತ್ತ ಹೋದರೆ ಎಸ್‌ಪಿಡಿಐಎಫ್ ಅಥವಾ ಐಇಸಿ 958 ಎಂಬ ಕಂಬ ಸಿಗುತ್ತದೆ. ಅದರ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಬಾಯಿ ಕಟ್ಟಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ಎರಡು ಸೊನ್ನೆಯಾಗುತ್ತದೆ, ಧ್ವನಿ ಬರುತ್ತದೆ. ನಾನು ಒಂದು ಇಡೀ ಭಾನುವಾರ ಬೆಳಗ್ಗೆ ಇದನ್ನು ಬಿಟ್ಟು ಉಳಿದೆಲ್ಲವನ್ನೂ ತಡಕಾಡಿದ್ದೆ. ಕಿಂಡಿಯಲ್ಲಿ ಕೆಂಪು ಬೆಳಕು ಇದ್ದುದರಿಂದ ಎಲ್ಲಾ ಸರಿಯಿದೆ ಎಂದು ನಂಬಿದ್ದೆ. ಆ ಬೆಳಕು ದೀಪ ಉರಿಯುತ್ತಿದೆ ಎಂದಷ್ಟೇ ಹೇಳುತ್ತದೆ, ಧ್ವನಿ ಹರಿಯುತ್ತಿದೆ ಎಂದಲ್ಲ.

ಧ್ವನಿಯನ್ನು ನಿರ್ವಹಿಸುವ ಪೈಪ್‌ವೈರ್ ಎಂಬ ತಂತ್ರಾಂಶ ಇರುವ ಈಚಿನ ಲಿನಕ್ಸ್‌ಗಳು ತಾವಾಗಿ 48,000ದಲ್ಲೇ ಓಡುತ್ತವೆ. ಅದರ ಸಂರಚನೆಯ ಕಡತದಲ್ಲಿ ‘ಅಲೌಡ್ ರೇಟ್ಸ್’ ಎಂಬ ಸಾಲಿದೆ, ಅಲ್ಲಿ 44100ನ್ನೂ ಸೇರಿಸಿದರೆ ಹಾಡಿಗೆ ತಕ್ಕಂತೆ ದರ ಬದಲಾಗುತ್ತದೆ. ನಿಜವಾಗಿ ಬದಲಾಯಿತೇ? ಲಿನಕ್ಸ್‌ನ ನಿಜವಾದ ಔದಾರ್ಯ ಇಲ್ಲಿದೆ. ‘ಪ್ರೊಕ್’ ಎಂಬ ಕಡತಕೋಶದಲ್ಲಿ ‘ಎಸೌಂಡ್’, ಅದರೊಳಗೆ ನಿಮ್ಮ ಕಾರ್ಡು, ಅದರೊಳಗೆ ಆ ಔಟ್‌ಪುಟ್, ಕೊನೆಯಲ್ಲಿ ‘ಎಚ್‌ಡಬ್ಲ್ಯು ಪ್ಯಾರಾಮ್ಸ್’ ಎಂಬ ಪುಟ್ಟ ಕಡತ. ಹಾಡು ನುಡಿಯುತ್ತಿರುವಾಗ ಅದನ್ನು ತೆರೆದರೆ ಕಾರ್ಡು ಈ ಕ್ಷಣ ಯಾವ ದರದಲ್ಲಿ ಓಡುತ್ತಿದೆ ಎಂದು ಬರೆದಿರುತ್ತದೆ. ಹಾಡು ನಿಲ್ಲಿಸಿದರೆ ‘ಕ್ಲೋಸ್ಡ್’ ಎಂದಾಗುತ್ತದೆ. ಊಹೆಗೆ ಜಾಗವೇ ಇಲ್ಲ. ಮ್ಯಾಕ್ ಇರುವವರು ‘ಆಡಿಯೊ ಮಿಡಿ ಸೆಟಪ್’ ತೆರೆದು ದರ ಆರಿಸಿ, ಅಲ್ಲಿ ಹೇಳುವುದು ಹೆಚ್ಚಿಲ್ಲ.

ಸಿನಿಮಾದ ಬಗ್ಗೆ ಪ್ರಶ್ನೆ ಬಂತು: ಡಿಜಿಟಲ್ ತಂತಿ ಹಾಕಿದರೂ ಹಿಂದಿನ ಸ್ಪೀಕರುಗಳು ಏಕೆ ಮೂಕ? ಎಸ್‌ಪಿಡಿಐಎಫ್‌ನಲ್ಲಿ ನೇರ ಧ್ವನಿಗೆ ಎರಡೇ ಚಾನೆಲ್‌ಗಳ ಜಾಗವಿದೆ. ಆರು ಚಾನೆಲ್ ಹೋಗಬೇಕಾದರೆ ಗಂಟು ಕಟ್ಟಿದ ರೂಪದಲ್ಲೇ, ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಹೋಗಬೇಕು. ಡಾಲ್ಬಿಯ ಒಂದು ಗಂಟಿನಲ್ಲಿ 1536 ಮಾದರಿಗಳ ಅವಧಿಯ ಧ್ವನಿ, 32 ಮಿಲಿಸೆಕೆಂಡ್. ಗಂಟು ತುಂಬದೆ ಉಳಿದ ಜಾಗದಲ್ಲಿ ಸೊನ್ನೆಗಳು. ಪ್ಲೇಯರು ಗಂಟು ಬಿಚ್ಚದೆ ಹಾಗೇ ದಾಟಿಸಬೇಕು. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಪ್ರಿಫರೆನ್ಸಸ್‌ನ ಆಡಿಯೊ ಪುಟದಲ್ಲಿ ‘ಪಾಸ್‌ಥ್ರೂ’ ಎಂಬ ಆಯ್ಕೆ ಇರುವುದು ಇದಕ್ಕೇ. ಡಾಲ್ಬಿ ಟ್ರೂಎಚ್‌ಡಿಯಂಥ ದೊಡ್ಡ ಗಂಟುಗಳು ಈ ಕಿಂಡಿಯಲ್ಲಿ ತೂರುವುದಿಲ್ಲ, ಅವಕ್ಕೆ ಎಚ್‌ಡಿಎಂಐ ಬೇಕು.

ಇನ್ನೊಂದು ತೊಂದರೆ ಸಂಗೀತದವರಿಗೆ ವಿಶೇಷವಾಗಿ ನೋಯಿಸುತ್ತದೆ. ಹಾಡು ಹಾಕಿದ ತಕ್ಷಣದ ಅರ್ಧ ಸೆಕೆಂಡು ನುಂಗಿಹೋಗುತ್ತದೆ. ಗಾಯಕರ ಮೊದಲ ‘ಆ’ಕಾರದ ಏಳುವಿಕೆಯೇ ಇರುವುದಿಲ್ಲ, ಅದು ನಡುವಿನಿಂದ ಶುರುವಾದಂತಾಗುತ್ತದೆ. ಸದ್ದಿಲ್ಲದಾಗ ಕಾರ್ಡು ನಿದ್ದೆಗೆ ಜಾರುತ್ತದೆ, ಬೆಳಕಿನ ಲಯ ನಿಲ್ಲುತ್ತದೆ, ಆಚೆಯ ಯಂತ್ರ ತಾಳ ಕಳೆದುಕೊಳ್ಳುತ್ತದೆ. ಮತ್ತೆ ಹಿಡಿಯುವುದಕ್ಕೆ ಅದಕ್ಕೆ ಹೊತ್ತು ಬೇಕು. ಲಿನಕ್ಸ್‌ನಲ್ಲಿ ಇಂಟೆಲ್ ಧ್ವನಿ ಚಾಲಕದ ‘ಪವರ್ ಸೇವ್’ ಆಯ್ಕೆಯನ್ನು ಸೊನ್ನೆ ಮಾಡಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಎಲ್ಲೂ ನಡೆಯುವ ಉಪಾಯವೆಂದರೆ ಪಟ್ಟಿಯ ಮೊದಲಿಗೆ ಎರಡು ಸೆಕೆಂಡಿನ ಮೌನದ ಕಡತವೊಂದನ್ನು ಇಡುವುದು.

ಕೊನೆಯದಾಗಿ, ಲಕೋಟೆ ಒಡೆದಿಲ್ಲ ಎಂದು ತಿಳಿಯುವುದು ಹೇಗೆ? ಇದಕ್ಕಾಗಿ ಒಂದು ಸಿಡಿ ತಂದಿದ್ದೇನೆ. 1990ರ ದಶಕದ ಕೊನೆಯಲ್ಲಿ ಡಿಟಿಎಸ್ ಗಂಟನ್ನೇ ಸಾಧಾರಣ ಸಿಡಿಯ ರೂಪದಲ್ಲಿ ಮಾರುತ್ತಿದ್ದರು. ಹೊರಗಿನಿಂದ ಅದು 44,100ದ ಎರಡು ಚಾನೆಲ್ ಧ್ವನಿಯಂತೆಯೇ ಇರುತ್ತದೆ, ಒಳಗಿರುವುದು ಆರು ಚಾನೆಲ್. ಅಂಕೆಗಳು ಒಂದೂ ಬದಲಾಗದೆ ತಲುಪಿದರೆ ರಿಸೀವರ್, ಅಂದರೆ ಗಂಟು ಬಿಚ್ಚಬಲ್ಲ ಆಂಪ್ಲಿಫೈಯರ್, ಗುರುತು ಹಿಡಿಯುತ್ತದೆ, ಡಿಟಿಎಸ್ ದೀಪ ಹೊತ್ತುತ್ತದೆ, ಸಂಗೀತ ಬರುತ್ತದೆ. ನಡುವೆ ಯಾರಾದರೂ ಕೈಯಾಡಿಸಿದ್ದರೆ ಬರುವುದು ಬರೀ ಭೋರ್ಗರೆತ. ಆದ್ದರಿಂದ ಮೊದಲು ಆಂಪ್ಲಿಫೈಯರ್ ಪೂರ್ತಿ ತಗ್ಗಿಸಿ, ಸ್ಪೀಕರು ಸುಟ್ಟೀತು.

ಈಗ ನೋಡಿ, ಎಕ್ಸ್‌ಕ್ಲೂಸಿವ್‌ನಲ್ಲಿ ಹಾಕಿದ್ದೇನೆ, ಪ್ಲೇಯರಿನ ವಾಲ್ಯೂಮ್ 100. ದೀಪ ಬಂತು. ಹಿಂದಿನ ಸ್ಪೀಕರಿನ ಹತ್ತಿರ ಕೂತವರು ಕೈ ಎತ್ತಿ. ಸರಿ. ಈಗ ಪ್ಲೇಯರಿನ ವಾಲ್ಯೂಮನ್ನು ಒಂದೇ ಒಂದು ಮೆಟ್ಟಿಲು ಇಳಿಸುತ್ತೇನೆ. ದೀಪ ಆರಿತು, ಮಳೆ ಸುರಿದಂಥ ಸದ್ದು. ಮತ್ತೆ 100. ದೀಪ ಬಂತು. ಇದೇ ದಾರಿಯಲ್ಲಿ, ಏನನ್ನೂ ಬದಲಿಸದೆ, ಈಗ ಗಂಗೂಬಾಯಿ ಅವರ ಅದೇ ಹಾಡನ್ನು ಹಾಕುತ್ತೇನೆ. ಆ ದಿನದ ತಬಲಾ ವಾದಕರು ಮುಂದಿನ ಸಾಲಿನಲ್ಲೇ ಇದ್ದಾರೆ, ತಬಲಾ ಜೊತೆಗೆ ತಂದಿದ್ದಾರೆ.